ನೀರಾನೆ ಮತ್ತು ನದಿಯ ಹರಿವು



ಜೀವಲೋಕದ ಒಂದು ವಿಷಯವನ್ನು ಕನ್ನಡದಲ್ಲಿ, ವಿಜ್ಞಾನ ಓದದವರಿಗೂ ತಿಳಿಯುವ ಹಾಗೆ ಹೇಳಿಸಬೇಕು ಎಂಬುದು ಈ ದತ್ತಿ ಉಪನ್ಯಾಸದ ಆಶಯ.

ಈ ಸಲದ ಉಪನ್ಯಾಸಕ್ಕೆ ನಾನು ನೀರಾನೆಯನ್ನು ಆರಿಸಿಕೊಂಡಿದ್ದೇನೆ. ನಮ್ಮಲ್ಲಿ ಹೆಚ್ಚಿನವರು ಅದನ್ನು ನೋಡಿರುವುದು ಮೈಸೂರಿನ ಚಾಮರಾಜೇಂದ್ರ ಮೃಗಾಲಯದಲ್ಲೋ ಬನ್ನೇರುಘಟ್ಟದಲ್ಲೋ. ನೀರಿನ ಮೇಲೆ ಎರಡು ಕಿವಿ, ಎರಡು ಕಣ್ಣು, ಎರಡು ಹೊಳ್ಳೆ ಮಾತ್ರ ಕಾಣುತ್ತವೆ. ಬಹಳ ಹೊತ್ತು ಕಾದರೆ ಒಮ್ಮೆ ಬಾಯಿ ತೆರೆಯುತ್ತದೆ, ಮಕ್ಕಳು ಕೂಗುತ್ತಾರೆ, ನಾವು ಮುಂದಿನ ಆವರಣಕ್ಕೆ ಹೋಗುತ್ತೇವೆ. ಹೀಗೆ ಹಗಲು ಹೊತ್ತಿನಲ್ಲಿ ನೋಡಿದವರಿಗೆ ನೀರಾನೆ ಸೋಮಾರಿಯೆಂದು ತೋರುವುದು ಸಹಜ. ಅದು ದುಡಿಯುವುದು ರಾತ್ರಿ. ಆ ದುಡಿಮೆಯ ಫಲ ಕಾಣುವುದು ನದಿಯಲ್ಲಿ.

ನಾನು ಇವತ್ತು ಹೇಳಬೇಕೆಂದಿರುವ ಮುಖ್ಯ ಮಾತು ಒಂದೇ. ನೀರಾನೆ ನೆಲದ ಹುಲ್ಲನ್ನು ನದಿಗೆ ಹೊತ್ತು ತರುವ ಪ್ರಾಣಿ. ನದಿ ಹರಿಯುತ್ತಿರುವಷ್ಟು ಕಾಲ ಈ ಹೊರೆ ಅಸಂಖ್ಯ ಜೀವಿಗಳಿಗೆ ಅನ್ನ. ಹರಿವು ನಿಂತರೆ ಅದೇ ಹೊರೆ ಮೀನಿಗೆ ವಿಷ. ಆದ್ದರಿಂದ ನೀರಾನೆಯ ಅಳಿವು ಉಳಿವನ್ನು ನದಿಯ ನೀರಿನ ಪ್ರಶ್ನೆಯಿಂದ ಬೇರೆ ಮಾಡಿ ನೋಡಲಾಗದು. ಈ ಮಾತಿಗೆ ಬರುವ ಮೊದಲು ಪ್ರಾಣಿಯ ಪರಿಚಯ ಸರಿಯಾಗಿ ಆಗಬೇಕು.

1. ಮೈಕಟ್ಟು

ಬೆಳೆದ ನೀರಾನೆಯ ತೂಕ ಸಾಮಾನ್ಯವಾಗಿ ಒಂದೂವರೆ ಟನ್ನಿನ ಆಸುಪಾಸು. ದೊಡ್ಡ ಗಂಡುಗಳು ಮೂರು ಟನ್ ಮುಟ್ಟುವುದೂ ಉಂಟು. ಇಷ್ಟು ಭಾರವನ್ನು ಹೊತ್ತಿರುವುದು ಗಿಡ್ಡ ಕಾಲುಗಳು. ಒಂದೊಂದು ಪಾದಕ್ಕೂ ನಾಲ್ಕು ಬೆರಳು. ಕಿವಿ, ಕಣ್ಣು, ಹೊಳ್ಳೆ ಮೂರೂ ತಲೆಯ ನೆತ್ತಿಯ ಕಡೆಗೇ ಇರುವುದರಿಂದ ಮೈಯೆಲ್ಲ ಮುಳುಗಿದ್ದರೂ ಅದು ಉಸಿರಾಡಬಲ್ಲದು, ನೋಡಬಲ್ಲದು, ಕೇಳಬಲ್ಲದು. ಪೂರ್ತಿ ಮುಳುಗುವಾಗ ಹೊಳ್ಳೆ ಮುಚ್ಚಿಕೊಳ್ಳುತ್ತದೆ, ಕಿವಿ ಮಡಚಿಕೊಳ್ಳುತ್ತದೆ. ಸುಮಾರು ಐದು ನಿಮಿಷ ಹಾಗೇ ಇರಬಲ್ಲದು. ನೀರಿನಡಿ ನಿದ್ದೆ ಹೋದಾಗಲೂ ಎಚ್ಚರಗೊಳ್ಳದೆ ಮೇಲೆದ್ದು, ಉಸಿರೆಳೆದು, ಮತ್ತೆ ತಳಕ್ಕೆ ಇಳಿಯುತ್ತದೆ.

ಇಷ್ಟೆಲ್ಲ ಅನುಕೂಲ ಇದ್ದರೂ ನೀರಾನೆಗೆ ಈಜು ಬರುವುದಿಲ್ಲ. ಅದರ ಮೂಳೆಗಳು ದಟ್ಟ, ಮೈ ನೀರಿಗಿಂತ ಭಾರ. ಹಾಗಾಗಿ ನದಿಯ ತಳಕ್ಕೆ ಕಾಲು ಊರಿ ನಡೆಯುತ್ತದೆ, ತಳವನ್ನು ಒದ್ದು ಮುಂದಕ್ಕೆ ಚಿಮ್ಮುತ್ತದೆ. ನಿಂತರೆ ಬೆನ್ನು ಮುಳುಗುವಷ್ಟು, ತಲೆಯೆತ್ತಿದರೆ ಗಾಳಿ ಸಿಗುವಷ್ಟು ಆಳದ ಮಡುಗಳೇ ಅದಕ್ಕೆ ಇಷ್ಟ. ನೆಲದ ಮೇಲೆ ಅದರ ಓಟ ಗಂಟೆಗೆ 30 ಕಿ.ಮೀ. ಮುಟ್ಟುತ್ತದೆ. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನ ಜಾನ್ ಹಚಿನ್ಸನ್ ಮತ್ತು ಎಮಿಲಿ ಪ್ರಿಂಗಲ್ ನೀರಾನೆಗಳ ಓಟದ ವಿಡಿಯೋಗಳನ್ನು ಒಂದೊಂದು ಚಿತ್ರವಾಗಿ ಬಿಡಿಸಿ ನೋಡಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ವಿಷಯ ಹೊರಬಂತು: ಜೋರಾಗಿ ಓಡುವಾಗ ಕ್ಷಣದ ಸಣ್ಣದೊಂದು ಭಾಗ ಅದರ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ. ಆನೆಗೆ ಇದು ಆಗದ ಕೆಲಸ.

ಇನ್ನು ಅದರ ಚರ್ಮವನ್ನು ಹತ್ತಿರದಿಂದ ನೋಡೋಣ. ಕೆಲವು ಕಡೆ ನಾಲ್ಕೈದು ಸೆಂಟಿಮೀಟರ್ ದಪ್ಪವಿದ್ದರೂ ಚರ್ಮದ ಹೊರಪದರ ಬಹಳ ತೆಳು. ಒಣಹವೆಯಲ್ಲಿ ಆ ಪದರದ ಮೂಲಕ ಮೈಯ ನೀರು ಬೇಗ ಆರಿಹೋಗುತ್ತದೆ. ನಮ್ಮ ಚರ್ಮಕ್ಕಿಂತ ಎಷ್ಟೋ ಪಾಲು ಬೇಗ. ಬಿಸಿಲಿನಲ್ಲಿ ಹೆಚ್ಚು ಹೊತ್ತು ನಿಂತರೆ ಚರ್ಮ ಬಿರಿಯುತ್ತದೆ. ಹಗಲಿಡೀ ನೀರಿನಲ್ಲಿರಬೇಕಾದ ಕಾರಣ ಇದೇ. ನೀರಿನಿಂದ ಹೊರಬಂದಾಗ ಚರ್ಮದ ಗ್ರಂಥಿಗಳಿಂದ ಅಂಟಾದ, ಬಣ್ಣವಿಲ್ಲದ ದ್ರವವೊಂದು ಒಸರುತ್ತದೆ. ಕೆಲವೇ ನಿಮಿಷಗಳಲ್ಲಿ ಅದು ಕೆಂಪಾಗುತ್ತದೆ, ಆಮೇಲೆ ಕಂದಾಗುತ್ತದೆ. ನೀರಾನೆ ರಕ್ತ ಬೆವರುತ್ತದೆ ಎಂದು ಹಿಂದಿನವರು ನಂಬಿದ್ದು ಇದನ್ನು ಕಂಡೇ. ಜಪಾನಿನ ರಸಾಯನವಿಜ್ಞಾನಿ ಕಿಮಿಕೊ ಹಶಿಮೊಟೊ ಮತ್ತು ಸಂಗಡಿಗರು ಟೋಕಿಯೊ ಮೃಗಾಲಯದ ನೀರಾನೆಗಳ ಮುಖ ಮತ್ತು ಬೆನ್ನಿನಿಂದ ಈ ದ್ರವವನ್ನು ಒರೆಸಿ ತಂದು ಪರೀಕ್ಷಿಸಿದರು. ಅದರಲ್ಲಿ ಎರಡು ಬಣ್ಣದ ವಸ್ತುಗಳಿವೆ, ಒಂದು ಕೆಂಪು, ಇನ್ನೊಂದು ಕಿತ್ತಳೆ. ಎರಡೂ ಬಿಸಿಲಿನ ಅತಿನೇರಳೆ ಕಿರಣಗಳನ್ನು ಹೀರುತ್ತವೆ. ಕೆಂಪು ವಸ್ತು ಕೆಲವು ರೋಗಕಾರಕ ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನೂ ತಡೆಯುತ್ತದೆ. 2004ರಲ್ಲಿ ಇದು 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಗಂಡುಗಳು ಕಾದಾಡಿ ಮೈತುಂಬ ಗಾಯ ಮಾಡಿಕೊಂಡು, ಲದ್ದಿ ಕದಡಿದ ನೀರಿನಲ್ಲೇ ಮುಳುಗಿದ್ದರೂ ಆ ಗಾಯಗಳು ಕೀವಾಗದೆ ಮಾಯುವುದಕ್ಕೆ ಈ ದ್ರವದ ನೆರವು ಇರಬಹುದು.

2. ವಂಶದ ಕಥೆ

ಹಲ್ಲು, ಪಾದಗಳ ರಚನೆ ನೋಡಿ ನೀರಾನೆಯನ್ನು ಬಹಳ ಕಾಲ ಹಂದಿಯ ಬಳಗಕ್ಕೆ ಸೇರಿಸಿದ್ದರು. ಡಿಎನ್‌ಎ ಪರೀಕ್ಷೆ ಬಂದ ಮೇಲೆ ಚಿತ್ರ ಬದಲಾಯಿತು. 1999ರಲ್ಲಿ ಜಪಾನಿನ ನೊರಿಹಿರೊ ಒಕಾಡಾ ಅವರ ತಂಡ ಒಂದು ಗಟ್ಟಿ ಸಾಕ್ಷ್ಯ ಮುಂದಿಟ್ಟಿತು. ಡಿಎನ್‌ಎ ಎಳೆಯೊಳಗೆ ಯಾವಾಗಲೋ ನುಸುಳಿ ಕೂತು, ಆಮೇಲೆ ತಲೆಮಾರಿನಿಂದ ತಲೆಮಾರಿಗೆ ದಾಟುವ ತುಣುಕುಗಳಿವೆ. ಅಂಥ ತುಣುಕು ಎರಡು ಪ್ರಾಣಿಗಳಲ್ಲಿ ಸರಿಯಾಗಿ ಅದೇ ಜಾಗದಲ್ಲಿ ಸಿಕ್ಕರೆ ಅವೆರಡಕ್ಕೂ ಒಂದೇ ಪೂರ್ವಜ ಇತ್ತೆಂದು ತಿಳಿಯಬೇಕು. ನೀರಾನೆಯ ತುಣುಕುಗಳು ಹೊಂದಿಕೊಂಡದ್ದು ತಿಮಿಂಗಿಲದ ಜೊತೆ. ಇವತ್ತು ಬದುಕಿರುವ ಪ್ರಾಣಿಗಳಲ್ಲಿ ನೀರಾನೆಗೆ ಅತಿ ಹತ್ತಿರದ ನೆಂಟರು ತಿಮಿಂಗಿಲ ಮತ್ತು ಡಾಲ್ಫಿನ್‌ಗಳೇ. ಎರಡು ವಂಶಗಳೂ ಬೇರೆಯಾಗಿ ಐದು ಕೋಟಿ ವರ್ಷಕ್ಕೂ ಹೆಚ್ಚಾಯಿತು.

ಈ ಕಥೆಯಲ್ಲಿ ಭಾರತದ ಪಾಲು ದೊಡ್ಡದು. ಕಾಶ್ಮೀರದ ದಕ್ಷಿಣಕ್ಕೆ, ರಜೌರಿ ಜಿಲ್ಲೆಯ ಕಾಲಾಕೋಟ್ ಬಳಿ ಭೂವಿಜ್ಞಾನಿ ಎ. ರಂಗರಾವ್ ಸಂಗ್ರಹಿಸಿದ ಬಂಡೆಗಳಲ್ಲಿ ಸುಮಾರು 4.8 ಕೋಟಿ ವರ್ಷ ಹಿಂದಿನ ಬೆಕ್ಕಿನ ಗಾತ್ರದ ಗೊರಸುಪ್ರಾಣಿಯ ಪಳೆಯುಳಿಕೆ ಇತ್ತು. ಅವರು 1971ರಲ್ಲಿ ಅದಕ್ಕೆ ಇಂಡೊಹ್ಯೂಸ್ ಎಂದು ಹೆಸರಿಟ್ಟರು. ಅವರು ತೀರಿಕೊಂಡ ಮೇಲೆ ಆ ಬಂಡೆಗಳು ಅಮೆರಿಕದ ಹಾನ್ಸ್ ಥೀವಿಸನ್ ಅವರ ಕೈಸೇರಿದವು. ಇಂಡೊಹ್ಯೂಸ್‌ನ ಕಿವಿಮೂಳೆಯ ಒಂದು ಗೋಡೆ ತಿಮಿಂಗಿಲಗಳಲ್ಲಿ ಇರುವಂತೆಯೇ ದಪ್ಪವಾಗಿತ್ತು, ಕಾಲಿನ ಮೂಳೆಗಳು ನೀರಿಗಿಳಿಯುವ ಪ್ರಾಣಿಗಳ ಮೂಳೆಯಂತೆ ದಟ್ಟವಾಗಿದ್ದವು. 2007ರಲ್ಲಿ ಇದು ಪ್ರಕಟವಾದಾಗ ತಿಮಿಂಗಿಲದ ಪೂರ್ವಜರ ಹುಡುಕಾಟಕ್ಕೆ ಖಚಿತ ದಾರಿ ಸಿಕ್ಕಿತು. ನೀರಾನೆಯ ಕಡೆಯ ಕೊಂಡಿ ಸಿಕ್ಕಿದ್ದು ಕೀನ್ಯಾದಲ್ಲಿ. ತುರ್ಕಾನಾ ಪ್ರದೇಶದ ಲೊಕೋನೆಯಲ್ಲಿ ದೊರೆತ 2.8 ಕೋಟಿ ವರ್ಷ ಹಿಂದಿನ ಹಲ್ಲುಗಳು ನೀರಾನೆಯ ಹಿರಿಯರನ್ನು ಆಂತ್ರಕೊಥೀರ್ ಎಂಬ ಅಳಿದುಹೋದ ಬಳಗಕ್ಕೆ ಜೋಡಿಸಿವೆ. ಚರ್ಮದ ಜೀನ್‌ಗಳನ್ನು ಹೋಲಿಸಿ ನೋಡಿದ 2021ರ ಅಧ್ಯಯನವೊಂದು ಇನ್ನೊಂದು ವಿಷಯ ಸೇರಿಸಿತು: ನೀರಿನ ಬಾಳಿಗೆ ಬೇಕಾದ ಚರ್ಮವನ್ನು ನೀರಾನೆ ಮತ್ತು ತಿಮಿಂಗಿಲದ ವಂಶಗಳು ಬೇರೆಯಾದ ಮೇಲೆ ತಂತಮ್ಮ ದಾರಿಯಲ್ಲಿ ರೂಪಿಸಿಕೊಂಡವು.

ಭಾರತದ ನದಿಗಳಲ್ಲೂ ನೀರಾನೆಗಳಿದ್ದವು. ಶಿವಾಲಿಕ್ ಬೆಟ್ಟಗಳಲ್ಲಿ ಸಿಕ್ಕ ತಲೆಬುರುಡೆಗಳನ್ನು ಹ್ಯೂ ಫಾಲ್ಕನರ್ ಮತ್ತು ಪ್ರೊಬಿ ಕಾಟ್ಲಿ 1836ರಲ್ಲಿ ವರ್ಣಿಸಿದರು. ಬಾಚಿಹಲ್ಲು ಆರಿದ್ದುದರಿಂದ ಆ ಕುಲಕ್ಕೆ ಹೆಕ್ಸಾಪ್ರೊಟೊಡಾನ್ ಎಂದು ಹೆಸರಾಯಿತು. ನರ್ಮದಾ ಮತ್ತು ಗೋದಾವರಿ ಕಣಿವೆಗಳಲ್ಲೂ ಅದರ ಪಳೆಯುಳಿಕೆಗಳು ದೊರೆತಿವೆ. ಅದ್ವೈತ್ ಜೂಕರ್, ರಾಜೀವ್ ಪಟ್ನಾಯಕ್, ಪಾರ್ಥ್ ಚೌಹಾಣ್ ಮೊದಲಾದವರು 2019ರಲ್ಲಿ ಮಧ್ಯಭಾರತದ ಒಂದು ಹಲ್ಲಿನ ಕಾಲವನ್ನು ಅಳೆದರು. ಅದು ಸುಮಾರು 16 ಸಾವಿರ ವರ್ಷ ಹಿಂದಿನದು. ಅಂದರೆ ಈ ನೆಲದ ಮನುಷ್ಯರು ನೀರಾನೆಯನ್ನು ಕಣ್ಣಾರೆ ಕಂಡಿದ್ದರು. ಅದು ಅಳಿದುಹೋದದ್ದಕ್ಕೆ ಈ ವಿದ್ವಾಂಸರು ಮುಂದಿಡುವ ಕಾರಣ ಆ ಕಾಲದಲ್ಲಿ ಮುಂಗಾರು ಕ್ಷೀಣಿಸಿ ನದಿಗಳು ಸೊರಗಿದ್ದು. ಹಗಲು ನೀರು ಬೇಕೇ ಬೇಕಾದ ಪ್ರಾಣಿಗೆ ಮಡು ಒಣಗಿದರೆ ಹೋಗಲು ಬೇರೆ ಜಾಗವಿಲ್ಲ. ಮುಂದೆ ಆಫ್ರಿಕದ ಮಾತು ಬರುವಾಗ ಇದನ್ನು ನೆನಪಿಟ್ಟುಕೊಳ್ಳಿ.

3. ಹಗಲಿನ ಹಿಂಡು

ನದಿಯ ಒಂದು ಮಡುವಿನಲ್ಲಿ ಹತ್ತರಿಂದ ಮೂವತ್ತು ನೀರಾನೆಗಳು ಒತ್ತೊತ್ತಾಗಿ ಇರುವುದು ಸಾಮಾನ್ಯ. ಬೇಸಗೆಯಲ್ಲಿ ನೀರು ಕಡಿಮೆಯಾದಂತೆ ನೂರಕ್ಕೂ ಹೆಚ್ಚು ಒಂದೇ ಮಡುವಿಗೆ ಸೇರುತ್ತವೆ. ಹೆಣ್ಣುಗಳು, ಮರಿಗಳು, ಹರೆಯದ ಗಂಡುಗಳ ಈ ಗುಂಪಿರುವ ನೀರಿಗೆ ಒಂದು ದೊಡ್ಡ ಗಂಡು ಒಡೆಯ. ಅವನ ಒಡೆತನ ನದಿಯ ಕೆಲವು ನೂರು ಮೀಟರ್ ಉದ್ದಕ್ಕೆ ಮಾತ್ರ. ನೆಲದ ಮೇಲಿನ ಹುಲ್ಲುಗಾವಲಿನ ಮೇಲೆ ಯಾರ ಹಕ್ಕೂ ಇಲ್ಲ. ತಲೆತಗ್ಗಿಸಿಕೊಂಡಿರುವ ಬೇರೆ ಗಂಡುಗಳನ್ನು ಅವನು ಸಹಿಸುತ್ತಾನೆ. ಎದುರು ನಿಂತವನೊಡನೆ ಮಾತ್ರ ಕಾದಾಟ.

ಬಾಯಿ ತೆರೆಯುವುದು ಆಕಳಿಕೆಯಲ್ಲ, ಎಚ್ಚರಿಕೆ. ದವಡೆಗಳು ಸುಮಾರು 150 ಡಿಗ್ರಿಯವರೆಗೆ ಅಗಲುತ್ತವೆ. ಕೆಳದವಡೆಯ ಕೋರೆಹಲ್ಲು ಅರ್ಧ ಮೀಟರ್ ಬೆಳೆಯಬಲ್ಲದು. ಮೇಲಿನ ಹಲ್ಲಿಗೆ ಉಜ್ಜಿ ಉಜ್ಜಿ ಅದರ ಅಲಗು ಸದಾ ಹರಿತ. ಮೇಯುವುದಕ್ಕೆ ಈ ಹಲ್ಲುಗಳ ಉಪಯೋಗವಿಲ್ಲ, ಇವು ಕಾದಾಟಕ್ಕೇ ಮೀಸಲು. ಎರಡು ಗಂಡುಗಳು ದವಡೆಗೆ ದವಡೆ ಕೊಟ್ಟು ಒಂದರ ಬಲವನ್ನು ಇನ್ನೊಂದು ಅಳೆಯುತ್ತವೆ. ಸಮಬಲದವಾದರೆ ಕಾದಾಟ ಸಾವಿನಲ್ಲಿ ಮುಗಿಯುವುದೂ ಉಂಟು.

ಗಂಡು ತನ್ನ ಗಡಿಯನ್ನು ಸಾರುವ ಇನ್ನೊಂದು ವಿಧಾನ ಲದ್ದಿ ಚಿಮ್ಮುವುದು. ಲದ್ದಿ ಹಾಕುತ್ತ ಚಪ್ಪಟೆ ಬಾಲವನ್ನು ಜೋರಾಗಿ ಅತ್ತಿತ್ತ ಬೀಸುತ್ತದೆ; ಸುತ್ತಲಿನ ನೀರು, ಪೊದೆ, ಪಕ್ಕದ ಪ್ರಾಣಿಯ ಮುಖ ಎಲ್ಲಕ್ಕೂ ಅದು ಎರಚುತ್ತದೆ. ಇದರ ಜೊತೆಗೆ ಧ್ವನಿ. ಮೊದಲು ಒಂದು ಉದ್ದನೆಯ ಕೀರಲು, ಅದರ ಬೆನ್ನಿಗೆ ಗಂಟಲಾಳದ ಗುಟುರುಗಳು. ಅದು ಒಂದು ಕಿಲೋಮೀಟರ್ ದೂರಕ್ಕೂ ಕೇಳಿಸುತ್ತದೆ. ಹೊಳ್ಳೆ ನೀರಿನ ಮೇಲಿದ್ದು ಗಂಟಲು ನೀರೊಳಗಿರುವಾಗ ಒಂದೇ ಕೂಗು ಗಾಳಿಯಲ್ಲೂ ನೀರಿನಲ್ಲೂ ಏಕಕಾಲಕ್ಕೆ ಹರಡುವುದನ್ನು ಅಮೆರಿಕದ ವಿಲಿಯಂ ಬಾರ್ಕ್ಲೊ ದಾಖಲಿಸಿದರು. ಫ್ರಾನ್ಸಿನ ನಿಕೊಲಾ ಮತೆವೊನ್ ಮತ್ತು ಸಂಗಡಿಗರು ಮೊಜಾಂಬಿಕ್‌ನ ಮಾಪುಟೊ ರಕ್ಷಿತಾರಣ್ಯದ ಕೆರೆಗಳಲ್ಲಿ ನೀರಾನೆಗಳ ಕೂಗನ್ನು ಧ್ವನಿಮುದ್ರಿಸಿ ಬೇರೆ ಬೇರೆ ಹಿಂಡುಗಳಿಗೆ ಕೇಳಿಸಿದರು. ತಮ್ಮ ಹಿಂಡಿನ ಧ್ವನಿಗೆ ಅವು ಹೆಚ್ಚು ಕೆರಳಲಿಲ್ಲ. ದೂರದ, ಪರಿಚಯವಿಲ್ಲದ ಧ್ವನಿಗೆ ಎದ್ದು ಬಂದವು, ತಿರುಗಿ ಕೂಗಿದವು, ಹೆಚ್ಚು ಲದ್ದಿ ಚಿಮ್ಮಿದವು. 2022ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ, ಅವು ಧ್ವನಿಯಲ್ಲೇ ತಮ್ಮವರು, ನೆರೆಯವರು, ಹೊರಗಿನವರು ಎಂದು ಗುರುತಿಸುತ್ತವೆಂದು ತಿಳಿಯಿತು. ಒಂದೆಡೆಯ ನೀರಾನೆಗಳನ್ನು ಇನ್ನೊಂದೆಡೆಗೆ ಸಾಗಿಸಬೇಕಾದಾಗ ಮೊದಲೇ ಪರಸ್ಪರ ಧ್ವನಿ ಕೇಳಿಸಿ ಪಳಗಿಸಿದರೆ ಕಾದಾಟ ತಗ್ಗಬಹುದು ಎಂಬುದು ಆ ವಿಜ್ಞಾನಿಗಳ ಸಲಹೆ.

ಹೆಣ್ಣು ಎಂಟು ತಿಂಗಳು ಗರ್ಭ ಹೊತ್ತು ಒಂದು ಮರಿ ಈಯುತ್ತದೆ. ಹೆರಿಗೆಗೆ ಮೊದಲು ಹಿಂಡು ಬಿಟ್ಟು ಬೇರೆ ಹೋಗುತ್ತದೆ. ಹುಟ್ಟುವಾಗಲೇ 25ರಿಂದ 50 ಕಿಲೋ ತೂಗುವ ಮರಿ ಬಹುಪಾಲು ನೀರಿನೊಳಗೇ ಹಾಲು ಕುಡಿಯುತ್ತದೆ. ತಾಯಿ ತಳದಲ್ಲಿ ಒರಗಿದಾಗ ಮರಿ ಹೊಳ್ಳೆ ಮುಚ್ಚಿ, ಕಿವಿ ಮಡಚಿ ಕೆಳಗಿಳಿದು ನಾಲಿಗೆಯನ್ನು ಮೊಲೆತೊಟ್ಟಿಗೆ ಸುತ್ತಿ ಹಾಲೆಳೆಯುತ್ತದೆ; ಉಸಿರಿಗೆ ಮೇಲೆದ್ದು ಮತ್ತೆ ಇಳಿಯುತ್ತದೆ. ಆಳದ ನೀರಿನಲ್ಲಿ ತಾಯಿಯ ಬೆನ್ನೇರಿ ನಿಲ್ಲುತ್ತದೆ. ಎರಡು ವರ್ಷಕ್ಕೊಂದು ಮರಿ, ಎಂಟೊಂಬತ್ತು ವರ್ಷಕ್ಕೆ ಪ್ರಾಯ, ನಲವತ್ತರಿಂದ ಐವತ್ತು ವರ್ಷ ಆಯಸ್ಸು: ಇಷ್ಟು ನಿಧಾನವಾಗಿ ಹೆಚ್ಚುವ ಪ್ರಾಣಿಯನ್ನು ಬೇಟೆಯಾಡಿದರೆ ಆ ನಷ್ಟ ತುಂಬುವುದಕ್ಕೆ ದಶಕಗಳು ಬೇಕು.

4. ರಾತ್ರಿಯ ಮೇವು

ಸಂಜೆ ಬಿಸಿಲಿಳಿದ ಮೇಲೆ ಹಿಂಡು ಚದುರುತ್ತದೆ. ಹಗಲು ಮೈಗೆ ಮೈ ತಾಗಿಸಿ ಮಲಗಿದ್ದವು ರಾತ್ರಿ ಒಂಟಿಯಾಗಿ ನಡೆಯುತ್ತವೆ. ಮರಿಯ ಜೊತೆ ತಾಯಿ ಮಾತ್ರ ಇರುತ್ತದೆ. ತಲೆಮಾರುಗಳಿಂದ ತುಳಿದು ತುಳಿದು ತಗ್ಗಾದ ಹಾದಿಗಳಲ್ಲಿ ದಂಡೆಯೇರಿ ಮೂರು, ನಾಲ್ಕು, ಕೆಲವೊಮ್ಮೆ ಹತ್ತು ಕಿಲೋಮೀಟರ್ ಒಳನಾಡಿಗೆ ಹೋಗುತ್ತವೆ. ಬೊಟ್ಸ್ವಾನಾದ ಒಕವಾಂಗೊ ನದೀಮುಖಜ ಭೂಮಿಯಲ್ಲಿ ಇಂಥ ಹಾದಿಗಳಿಗೆ ನೀರು ನುಗ್ಗಿ ಹೊಸ ಕಾಲುವೆಗಳೇ ಆಗಿವೆ.

ನೀರಾನೆ ಹುಲ್ಲು ಕೀಳುವುದು ತುಟಿಯಿಂದ. ಅರ್ಧ ಮೀಟರ್ ಅಗಲದ ಗಡುಸು ತುಟಿಗಳಿಂದ ಹುಲ್ಲನ್ನು ಹಿಡಿದು, ತಲೆಯನ್ನು ಪಕ್ಕಕ್ಕೆ ಎಳೆದು ಹರಿಯುತ್ತದೆ. ಹೀಗೆ ಮೇದ ಜಾಗದಲ್ಲಿ ಹುಲ್ಲು ಒಂದೇ ಎತ್ತರಕ್ಕೆ ಚಿಕ್ಕದಾಗಿ ಉಳಿದು, ಮತ್ತೆ ಎಳೆಯ ಚಿಗುರು ಬರುತ್ತದೆ. ಒಂದು ರಾತ್ರಿಗೆ ಅದರ ಮೇವು ಸುಮಾರು 40 ಕಿಲೋ. ಅದರ ಮೈಗೆ ಹೋಲಿಸಿದರೆ ಇದು ಬಹಳ ಕಡಿಮೆ. ಹಗಲಿಡೀ ನೀರು ಮೈಭಾರ ಹೊರುವುದರಿಂದ ಅದಕ್ಕೆ ಶಕ್ತಿ ಹೆಚ್ಚು ಬೇಡ. ಮೂರು ಕೋಣೆಗಳ ಹೊಟ್ಟೆಯಲ್ಲಿ ಹುಲ್ಲು ನಿಧಾನವಾಗಿ ಹುದುಗಿ ಜೀರ್ಣವಾಗುತ್ತದೆ. ಹಸುವಿನಂತೆ ಅದು ಮೆಲುಕು ಹಾಕುವುದಿಲ್ಲ. ಬೆಳಗಾಗುವ ಮೊದಲು ಎಲ್ಲವೂ ಮಡುವಿಗೆ ಮರಳುತ್ತವೆ. ನೆಲದಲ್ಲಿ ಮೇದದ್ದರ ದೊಡ್ಡ ಪಾಲು ಹಗಲು ನೀರಿಗೆ ಲದ್ದಿಯಾಗಿ ಬೀಳುತ್ತದೆ. ನನ್ನ ಮುಖ್ಯ ಮಾತು ಇಲ್ಲಿಂದ ಶುರು.

5. ನದಿಗೆ ಬೀಳುವ ಹೊರೆ

ಈ ಹೊರೆಯಿಂದ ನೀರಿಗೆ ಏನು ಒಳಿತು ಎಂಬುದನ್ನು ಕಣ್ಣಿಂದ ನೋಡಬಹುದಾದ ಜಾಗ ಕೀನ್ಯಾದ ತ್ಸಾವೊ ಪಶ್ಚಿಮ ರಾಷ್ಟ್ರೀಯ ಉದ್ಯಾನದ ಮ್ಜಿಮಾ ಸೆಲೆ. ಚ್ಯೂಲು ಬೆಟ್ಟಗಳ ಲಾವಾ ಬಂಡೆಯಲ್ಲಿ ಸೋಸಿ ಬರುವ ನೀರು ಅಲ್ಲಿ ಗಾಜಿನಷ್ಟು ತಿಳಿ. ಅಲನ್ ಮತ್ತು ಜೋನ್ ರೂಟ್ ದಂಪತಿ ಆ ನೀರಿನೊಳಗಿಳಿದು ನೀರಾನೆಗಳನ್ನು ಚಿತ್ರೀಕರಿಸಿದರು. ಆ ದೃಶ್ಯಗಳಲ್ಲಿ ನೀರಾನೆ ತಳದಲ್ಲಿ ನಡೆಯುವಾಗ ಮೀನುಗಳ ದಂಡು ಅದನ್ನು ಮುತ್ತಿರುತ್ತದೆ. ಕೆಲವು ಚರ್ಮದ ಮೇಲಿನ ಪಾಚಿಯನ್ನೂ ಸತ್ತ ಪದರವನ್ನೂ ಹೆರೆದು ತಿನ್ನುತ್ತವೆ, ಕೆಲವು ಕಾಲ್ಬೆರಳ ಸಂದಿಗೆ ಬಾಯಿ ಹಾಕುತ್ತವೆ. ನೀರಾನೆ ಕಾಲು ಅಗಲಿಸಿ ಅವಕ್ಕೆ ಅನುವು ಮಾಡಿಕೊಡುತ್ತದೆ. ಇವು ಲೇಬಿಯೊ ಕುಲದ ಮೀನುಗಳು. ನಮ್ಮ ಕೆರೆಗಳಲ್ಲಿ ಸಾಕುವ ರೋಹು ಕೂಡ ಇದೇ ಕುಲದ್ದು. ಲದ್ದಿಯನ್ನು ತಿನ್ನುವ ಹುಳುಗಳು, ಸಿಗಡಿ, ಬಸವನಹುಳು, ಅವುಗಳನ್ನು ತಿನ್ನುವ ಮೀನು, ಮೀನು ತಿನ್ನುವ ನೀರುಕಾಗೆ ಮತ್ತು ಮೊಸಳೆ, ಹೀಗೆ ಇಡೀ ಒಂದು ಬಳಗ ಮೇಲಿನ ಹುಲ್ಲುಗಾವಲಿನ ಬಲದಿಂದ ಬದುಕುತ್ತದೆ.

ಇದನ್ನು ಅಳೆದು ಲೆಕ್ಕ ಹಾಕಿದ್ದು ಕೀನ್ಯಾ ಮತ್ತು ಟಾಂಜಾನಿಯಾಗಳಲ್ಲಿ ಹರಿಯುವ ಮಾರಾ ನದಿಯಲ್ಲಿ. ಅಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ನೀರಾನೆಗಳಿವೆ. ಅಮಾಂಡಾ ಸುಬಲಸ್ಕಿ ಮತ್ತು ಕ್ರಿಸ್ಟೊಫರ್ ಡಟನ್ ಅವರ ಲೆಕ್ಕದಂತೆ ಅವು ದಿನವೊಂದಕ್ಕೆ ನದಿಗೆ ಸೇರಿಸುವ ಹಸಿ ಲದ್ದಿ ಸುಮಾರು 36 ಟನ್. ಬೆಲ್ಜಿಯಂನ ಯೋನಾಸ್ ಸ್ಕುಲಿಂಕ್ ಮತ್ತು ಸಂಗಡಿಗರು 2019ರಲ್ಲಿ ಇನ್ನೊಂದು ಅಂಶ ತೋರಿಸಿದರು. ಹುಲ್ಲಿನ ಎಸಳಿನಲ್ಲಿ ಸಿಲಿಕಾ ಇರುತ್ತದೆ. ಮುಟ್ಟಿದರೆ ಕೈ ಕೊಯ್ಯುವುದು ಅದರಿಂದಲೇ. ನೀರಾನೆಗಳ ಹೊಟ್ಟೆಯ ಮೂಲಕ ದಿನಕ್ಕೆ ಸುಮಾರು 400 ಕಿಲೋ ಸಿಲಿಕಾನ್ ಮಾರಾ ನದಿಗೆ ಇಳಿಯುತ್ತದೆ. ಈ ವಸ್ತುವಿಲ್ಲದೆ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳು ತಮ್ಮ ಗಾಜಿನಂಥ ಕವಚ ಕಟ್ಟಿಕೊಳ್ಳಲಾರವು. ಡಯಾಟಮ್‌ಗಳು ಆಮ್ಲಜನಕ ಕೊಡುತ್ತವೆ, ಮೀನಿನ ಆಹಾರಸರಪಳಿಯ ಬುಡದಲ್ಲಿ ನಿಲ್ಲುತ್ತವೆ. ಮಾರಾ ಕೊನೆಗೆ ಸೇರುವುದು ವಿಕ್ಟೋರಿಯಾ ಸರೋವರವನ್ನು. ನೀರಾನೆ ಹಿಂಡುಗಳು ಅಳಿದರೆ ಅಷ್ಟು ದೂರದ ಸರೋವರದ ಪಾಚಿಯ ಸ್ವರೂಪವೂ ಬದಲಾಗಬಹುದೆಂಬುದು ಅವರ ಎಚ್ಚರಿಕೆ.

6. ಹರಿವು ನಿಂತಾಗ

ಮಾರಾದಲ್ಲಿ ಆಗಾಗ ಮೀನುಗಳು ರಾಶಿಯಾಗಿ ಸತ್ತು ತೇಲುತ್ತಿದ್ದವು. ಮೇಲ್ದಂಡೆಯ ಹೊಲಗಳ ಕೀಟನಾಶಕವೇ ಕಾರಣವಿರಬೇಕೆಂಬ ಸಂದೇಹವಿತ್ತು. ಡಟನ್ ಮತ್ತು ಸುಬಲಸ್ಕಿ ವರ್ಷಗಟ್ಟಲೆ ನೀರನ್ನು ಅಳೆದರು. ಮೊಸಳೆ, ನೀರಾನೆಗಳಿರುವ ಮಡುವಿಗೆ ಇಳಿಯುವಂತಿಲ್ಲವಾದ್ದರಿಂದ ದೂರದಿಂದ ನಡೆಸುವ ಸಣ್ಣ ದೋಣಿಗೆ ಉಪಕರಣ ಕಟ್ಟಿ ಬಿಟ್ಟರು. ತಿಳಿದುಬಂದದ್ದಿದು: ಬೇಸಗೆಯಲ್ಲಿ ಹರಿವು ಕುಗ್ಗಿದಾಗ ನೀರಾನೆಗಳ ಮಡುಗಳ ತಳದಲ್ಲಿ ಲದ್ದಿ ಕೂರುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ಕೊಳೆಸುತ್ತ ನೀರಿನ ಆಮ್ಲಜನಕವನ್ನು ಪೂರ್ತಿ ಮುಗಿಸುತ್ತವೆ. ಹೈಡ್ರೋಜನ್ ಸಲ್ಫೈಡ್, ಅಮೋನಿಯಾ ಶೇಖರವಾಗುತ್ತವೆ. ಮೇಲ್ಪ್ರದೇಶದಲ್ಲಿ ಜೋರು ಮಳೆಯಾಗಿ ಹೊಸನೀರು ನುಗ್ಗಿದಾಗ ಈ ಮಡುಗಳ ಕಪ್ಪುನೀರೆಲ್ಲ ಒಟ್ಟಿಗೆ ಕೆಳಗೆ ಹೋಗುತ್ತದೆ. ಅದರ ದಾರಿಯಲ್ಲಿದ್ದ ಮೀನುಗಳು ಉಸಿರುಗಟ್ಟಿ ಸಾಯುತ್ತವೆ. ಸತ್ತ ಮೀನನ್ನು ಮೊಸಳೆ, ಹದ್ದು, ಕೊಕ್ಕರೆ, ಕತ್ತೆಕಿರುಬಗಳು ಮುಗಿಸುತ್ತವೆ. ಮಾರಾದಲ್ಲಿ ಇದು ಕೆಲವು ದಿನಗಳ ಸಂಗತಿ. ನೀರು ಹರಿದು ನದಿ ಚೇತರಿಸಿಕೊಳ್ಳುತ್ತದೆ.

ಟಾಂಜಾನಿಯಾದ ಗ್ರೇಟ್ ರುವಾಹ ನದಿಯ ಸ್ಥಿತಿ ಬೇರೆ. ಅದು ವರ್ಷವಿಡೀ ಹರಿಯುತ್ತಿದ್ದ ನದಿ. ಮೇಲ್ದಂಡೆಯ ಉಸಾಂಗು ಬಯಲಿನಲ್ಲಿ ಭತ್ತದ ಗದ್ದೆಗಳಿಗೆ ನೀರು ತಿರುಗಿಸುತ್ತ ಹೋದಂತೆ 1993ರಿಂದ ಅದು ಬೇಸಗೆಯಲ್ಲಿ ಹರಿಯುವುದನ್ನೇ ನಿಲ್ಲಿಸತೊಡಗಿತು. ರುವಾಹ ರಾಷ್ಟ್ರೀಯ ಉದ್ಯಾನದ ನೀರಾನೆಗಳಿಗೆ ಉಳಿದದ್ದು ಬಿಡಿ ಬಿಡಿ ಮಡುಗಳು. ಕೀನನ್ ಸ್ಟಿಯರ್ಸ್, ಡಗ್ಲಸ್ ಮೆಕಾಲಿ ಮತ್ತು ಸಂಗಡಿಗರು ಈ ಮಡುಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು. ಹರಿವಿದ್ದಾಗ ನೀರಾನೆ ಹೆಚ್ಚಿರುವ ಮಡುವಿಗೂ ಇಲ್ಲದ ಮಡುವಿಗೂ ಹೆಚ್ಚು ವ್ಯತ್ಯಾಸವಿಲ್ಲ. ಹರಿವು ನಿಂತಾಗ ನೀರಾನೆ ಹೆಚ್ಚಿರುವ ಮಡುಗಳಲ್ಲಿ ಆಮ್ಲಜನಕ ಕುಸಿದು ಮೀನಿನ ಬಗೆಗಳೂ ಸಂಖ್ಯೆಯೂ ಇಳಿದವು. ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹೊಲಕ್ಕೆಲ್ಲ ಹರಡಿದ ಗೊಬ್ಬರ ಬೆಳೆ ಕೊಡುತ್ತದೆ, ಒಂದೇ ಬುಡಕ್ಕೆ ಸುರಿದರೆ ಬೇರು ಸುಡುತ್ತದೆ. ರುವಾಹದಲ್ಲಿ ನೀರಾನೆ ಬದಲಾಗಿಲ್ಲ, ಅದರ ಮೇವೂ ಬದಲಾಗಿಲ್ಲ. ಬದಲಾದದ್ದು ನದಿಯ ನೀರು. ಅದನ್ನು ತಿರುಗಿಸಿದವರು ಮನುಷ್ಯರು.

ನೀರಾನೆ ಇರಬಾರದ ನದಿಗೆ ಬಂದರೂ ಇದೇ ಕಷ್ಟ. ಕೊಲಂಬಿಯಾದ ಮಾದಕವಸ್ತು ದೊರೆ ಪಾಬ್ಲೊ ಎಸ್ಕೋಬಾರ್ 1980ರ ದಶಕದಲ್ಲಿ ತನ್ನ ಎಸ್ಟೇಟಿಗೆ ನಾಲ್ಕು ನೀರಾನೆಗಳನ್ನು ತರಿಸಿದ್ದ. 1993ರಲ್ಲಿ ಅವನು ಹತನಾದ ಮೇಲೆ ಅವುಗಳನ್ನು ಹಾಗೇ ಬಿಟ್ಟರು. ಅವು ಮಗ್ದಲೇನಾ ನದಿಗೆ ಹರಡಿ ಇವತ್ತು ಇನ್ನೂರರ ಸಮೀಪ ಇವೆ. ಅಲ್ಲಿ ತೀವ್ರ ಬೇಸಗೆಯೂ ಇಲ್ಲ, ಬರಗಾಲದ ಸಾವುಗಳೂ ಇಲ್ಲ. ಅವು ಬೀಡುಬಿಟ್ಟ ಕೆರೆಗಳಲ್ಲಿ ಪೋಷಕಾಂಶ ಅತಿಯಾಗಿ ನೀಲಿಹಸಿರು ಪಾಚಿ ಹೆಚ್ಚುವುದನ್ನು ಜೊನಾಥನ್ ಶುರಿನ್ ಅವರ ತಂಡ 2020ರಲ್ಲಿ ತೋರಿಸಿತು. 2022ರಲ್ಲಿ ಆ ದೇಶ ನೀರಾನೆಯನ್ನು ಆಕ್ರಮಣಕಾರಿ ಜೀವಿಯೆಂದು ಘೋಷಿಸಿತು. ಸಂತಾನಹರಣ ಚಿಕಿತ್ಸೆ ಶುರುವಾಗಿದೆ. ಒಬ್ಬ ಮನುಷ್ಯನ ಖಯಾಲಿಗೆ ತಂದ ಪ್ರಾಣಿಗಳು ಈಗ ತಮ್ಮದಲ್ಲದ ತಪ್ಪಿಗೆ ಬೆಲೆ ತೆರುತ್ತಿವೆ.

7. ಇಳಿಮುಖ

ಆಫ್ರಿಕದಲ್ಲಿ ಈಗ ಉಳಿದಿರುವ ನೀರಾನೆಗಳು 1,15,000ದಿಂದ 1,30,000 ಎಂಬುದು ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಅಂದಾಜು. 2006ರಿಂದ ಅದು ಅಪಾಯಕ್ಕೆ ಗುರಿಯಾಗಬಲ್ಲ ಜೀವಿಗಳ ಪಟ್ಟಿಯಲ್ಲಿದೆ. ಒಂದು ಕಾಲಕ್ಕೆ ನೈಲ್ ನದಿಯ ಮುಖದವರೆಗೂ ಇತ್ತು. ಈಜಿಪ್ಟಿನಲ್ಲಿ ಹೆರಿಗೆಯನ್ನು ಕಾಯುವ ದೇವತೆ ತಾವೆರೆತ್‌ಳಿಗೆ ನೀರಾನೆಯದೇ ರೂಪ ಕೊಟ್ಟಿದ್ದರು. ಹತ್ತೊಂಬತ್ತನೇ ಶತಮಾನದಲ್ಲಿ ಅದು ಆ ದೇಶದಿಂದ ಪೂರ್ತಿ ಮರೆಯಾಯಿತು. ಇಪ್ಪತ್ತನೇ ಶತಮಾನದ ದೊಡ್ಡ ನಷ್ಟ ಕಾಂಗೋದ ವಿರುಂಗಾ ರಾಷ್ಟ್ರೀಯ ಉದ್ಯಾನದ್ದು. 1970ರ ದಶಕದ ನಡುವಿನಲ್ಲಿ ಅಲ್ಲಿ ಸುಮಾರು 29 ಸಾವಿರ ನೀರಾನೆಗಳಿದ್ದವು. 2005ರ ವೇಳೆಗೆ ಸಾವಿರವೂ ಉಳಿದಿರಲಿಲ್ಲ. ಯುದ್ಧಕಾಲದಲ್ಲಿ ಸೈನಿಕರು, ಬಂಡುಕೋರರು, ಹಸಿದ ಜನ ಎಲ್ಲರೂ ಮಾಂಸಕ್ಕೂ ಹಲ್ಲಿಗೂ ಅವನ್ನು ಕೊಂದರು. 1989ರಲ್ಲಿ ಆನೆದಂತದ ಅಂತರರಾಷ್ಟ್ರೀಯ ವ್ಯಾಪಾರ ನಿಷೇಧವಾದಾಗ ನೀರಾನೆಯ ಕೋರೆಹಲ್ಲಿಗೆ ಬೇಡಿಕೆ ಏರಿತು. 1995ರಲ್ಲಿ ಆ ವ್ಯಾಪಾರಕ್ಕೂ ಪರವಾನಗಿ ಕಡ್ಡಾಯವಾಯಿತು.

ಮಡುಗಳು ಕುಗ್ಗಿ ಹಿಂಡುಗಳು ಒತ್ತೊತ್ತಾದಾಗ ರೋಗವೂ ಸುಲಭವಾಗಿ ಹಬ್ಬುತ್ತದೆ. 1987ರಲ್ಲಿ ಜಾಂಬಿಯಾದ ಲುವಾಂಗ್ವಾ ಕಣಿವೆಯಲ್ಲಿ ಆಂಥ್ರಾಕ್ಸ್ ತಗುಲಿ ನಾಲ್ಕು ಸಾವಿರಕ್ಕೂ ಹೆಚ್ಚು ನೀರಾನೆಗಳು ಸತ್ತವು. ಮನುಷ್ಯರೊಡನೆ ಘರ್ಷಣೆಯೂ ಹೆಚ್ಚುತ್ತದೆ. ನದಿದಂಡೆಯವರೆಗೆ ಹೊಲಗಳು ಬಂದರೆ ರಾತ್ರಿ ಮೇಯಲು ಹೊರಟ ಪ್ರಾಣಿಗೆ ಎದುರಾಗುವುದು ಜೋಳದ ಬೆಳೆ. ನೀರಾನೆಗೂ ನೀರಿಗೂ ನಡುವೆ ಸಿಕ್ಕಿದವರು, ಅದರ ಮಡುವಿಗೆ ದೋಣಿ ನಡೆಸುವ ಬಡ ಮೀನುಗಾರರು ಪ್ರಾಣ ಕಳೆದುಕೊಳ್ಳುತ್ತಾರೆ. ಅವರ ಸಂಕಟವನ್ನು ಕಡೆಗಣಿಸಿ ಸಂರಕ್ಷಣೆಯ ಮಾತಾಡುವುದು ನ್ಯಾಯವಲ್ಲ. ಮಡುವಿಗೂ ಹುಲ್ಲುಗಾವಲಿಗೂ ನಡುವೆ ಉಳುಮೆಯಿಲ್ಲದ ಹಾದಿ ಬಿಡುವುದು, ಹೊಲಕ್ಕೆ ಬೇಲಿ ಕಟ್ಟಲು ನೆರವಾಗುವುದು, ನೀರು ತರುವ ಹೆಂಗಸರಿಗೆ ಊರೊಳಗೇ ನೀರು ಸಿಗುವಂತೆ ಮಾಡುವುದು ಇವೆಲ್ಲ ಎರಡೂ ಕಡೆಯ ಜೀವ ಉಳಿಸುವ ಕೆಲಸಗಳು.

8. ನದಿಯ ಪಾಲು

ಇಷ್ಟು ಹೇಳಿದ ಮೇಲೆ ನನ್ನ ತೀರ್ಮಾನವನ್ನು ನಿಮ್ಮ ಮುಂದಿಡುತ್ತೇನೆ. ಕೋವಿ ಹಿಡಿದ ಕಾವಲುಗಾರ ನೀರಾನೆಯನ್ನು ಬೇಟೆಗಾರನಿಂದ ಕಾಪಾಡಬಲ್ಲ; ಒಣಗುವ ನದಿಯಿಂದ ಕಾಪಾಡಲಾರ. ರಾಷ್ಟ್ರೀಯ ಉದ್ಯಾನದ ಗಡಿಯ ಹೊರಗೆ, ನೂರು ಕಿಲೋಮೀಟರ್ ಮೇಲೆ, ಒಂದು ಕಾಲುವೆಯ ತೂಬಿನಲ್ಲಿ ಅದರ ಹಣೆಬರಹ ತೀರ್ಮಾನವಾಗುತ್ತದೆ. ಮಾರಾದ ಮೂಲವಾದ ಮಾವು ಅರಣ್ಯ ಕಡಿದರೆ, ಉಸಾಂಗುವಿನ ನೀರೆಲ್ಲ ಗದ್ದೆಗೆ ಹೋದರೆ, ಕೆಳಗಿನ ಉದ್ಯಾನಕ್ಕೆ ಎಷ್ಟು ಭದ್ರತೆ ಇದ್ದರೂ ಫಲವಿಲ್ಲ.

ಇದಕ್ಕೆ ಪರಿಹಾರದ ದಾರಿ ಗೊತ್ತಿಲ್ಲದ್ದೇನಲ್ಲ. ದಕ್ಷಿಣ ಆಫ್ರಿಕದ 1998ರ ರಾಷ್ಟ್ರೀಯ ಜಲ ಕಾಯ್ದೆ ಪ್ರತಿ ನದಿಯಲ್ಲೂ ಜನರ ಮೂಲಭೂತ ಅಗತ್ಯಕ್ಕೆ ಮತ್ತು ನದಿಯ ಜೀವಸಂಕುಲಕ್ಕೆ ಬೇಕಾದ ನೀರನ್ನು ಮೊದಲು ಮೀಸಲಿಡಬೇಕು, ಉಳಿದದ್ದನ್ನು ಮಾತ್ರ ಹಂಚಬೇಕು ಎಂದು ಹೇಳುತ್ತದೆ. ಕೀನ್ಯಾ, ಟಾಂಜಾನಿಯಾಗಳ ಕಾನೂನಿನಲ್ಲೂ ಇಂಥ ಮೀಸಲಿನ ಮಾತಿದೆ. ಜಾರಿಗೆ ತರುವುದು ಕಷ್ಟ ನಿಜ, ಏಕೆಂದರೆ ಗದ್ದೆಯವನಿಗೂ ಹಸಿವಿದೆ. ಆದರೆ ಸೋರುವ ಕಾಲುವೆ ಸರಿಪಡಿಸುವುದರಿಂದ, ಬೆಳೆಗೆ ಬೇಡದ ಹೊತ್ತಿನಲ್ಲಿ ತೂಬು ಮುಚ್ಚುವುದರಿಂದ ಉಳಿಯುವ ನೀರೂ ಕಡಿಮೆಯಲ್ಲ. ಬೇಸಗೆಯಲ್ಲೂ ಸಾಕಷ್ಟು ಹರಿವು ಸತತವಾಗಿ ಇದ್ದರೆ ಮಡುಗಳು ಉಸಿರಾಡುತ್ತವೆ ಎಂಬುದನ್ನು ಮಾರಾ ಮತ್ತು ರುವಾಹದ ಅಧ್ಯಯನಗಳು ತೋರಿಸಿಕೊಟ್ಟಿವೆ.

ಇಲ್ಲಿರುವ ವಿದ್ಯಾರ್ಥಿಗಳಿಗೆ ಒಂದು ಮನವಿ. ನಿಮ್ಮಲ್ಲಿ ಕೆಲವರು ಮುಂದೆ ಎಂಜಿನಿಯರ್ ಆಗುತ್ತೀರಿ, ಕೆಲವರು ಕೃಷಿ ಅಧಿಕಾರಿ, ಕೆಲವರು ಅರಣ್ಯಾಧಿಕಾರಿ. ಯಾವ ನದಿಯ ಬಳಿ ಕೆಲಸ ಮಾಡಿದರೂ ನೀರು ಹಂಚುವ ಲೆಕ್ಕದಲ್ಲಿ ಮೊದಲ ಸಾಲನ್ನು ಆ ನದಿಯೊಳಗೆ ಬದುಕುವ ಜೀವಿಗಳ ಹೆಸರಿಗೆ ಬರೆಯಿರಿ. ಎಲ್ಲರ ಪಾಲು ಕೊಟ್ಟು ಮಿಕ್ಕಿದರೆ ನೋಡೋಣ ಎಂದು ಕೊನೆಗೆ ಬಿಟ್ಟ ಪಾಲು ಎಲ್ಲಿಯೂ ಮಿಕ್ಕಿಲ್ಲ. ಭಾರತದ ನೀರಾನೆಗಳು ಹೋದದ್ದು ಮುಂಗಾರು ಕ್ಷೀಣಿಸಿದ್ದರಿಂದ ಎಂಬುದಾದರೆ ಅದನ್ನು ತಡೆಯುವುದು ಯಾರ ಕೈಯಲ್ಲೂ ಇರಲಿಲ್ಲ. ಆಫ್ರಿಕದ ನದಿಗಳ ನೀರು ಕಡಿಮೆಯಾಗುತ್ತಿರುವುದರಲ್ಲಿ ಮನುಷ್ಯರ ಕೈವಾಡ ಸ್ಪಷ್ಟವಾಗಿದೆ. ಆದ್ದರಿಂದ ಅದನ್ನು ಸರಿಪಡಿಸುವ ಹೊಣೆಯೂ ಮನುಷ್ಯರದೇ.